ಮೂರು ಸಾವಿರನೇ ಬಾಗಿಲು

ಮಾರ್ಚ್ ೨, ಸೋಮವಾರ

ಈ ನೋಟ್‌ಬುಕ್ಕು ನನ್ನದಲ್ಲ. ಯಾರೋ ರೈಲಿನಲ್ಲಿ ಮರೆತು ಹೋದದ್ದು. ಕಳೆದ ವಸ್ತುಗಳ ಕೌಂಟರಿನಲ್ಲಿ ಒಂದು ವರ್ಷ ಕಾದು, ಯಾರೂ ಬರದೆ, ನಿಯಮದ ಪ್ರಕಾರ ಇವತ್ತು ನನ್ನ ಪಾಲಿಗೆ ಬಂತು. ಮೊದಲ ಪುಟದಲ್ಲಿ ಒಂದೇ ಸಾಲಿದೆ: ‘ಸೋಮವಾರದಿಂದ ಖಂಡಿತ ಶುರು.’ ಏನು ಶುರು ಅಂತ ಬರೆದಿಲ್ಲ. ಉಳಿದದ್ದೆಲ್ಲ ಖಾಲಿ. ಪುಣ್ಯಾತ್ಮನಿಗೆ ಆ ಸೋಮವಾರ ಬರಲೇ ಇಲ್ಲವೇನೋ. ಅವರ ಪರವಾಗಿ ನಾನು ಶುರು ಮಾಡಿದ್ದೇನೆ.

ಇಪ್ಪತ್ತೆರಡು ವರ್ಷ ಈ ನಿಲ್ದಾಣದ ದನಿ ನಾನೇ ಆಗಿದ್ದೆ. ‘ಪ್ರಯಾಣಿಕರ ಗಮನಕ್ಕೆ’ ಎಂದು ನಾನು ಶುರು ಮಾಡಿದರೆ ಪಾರಿವಾಳಗಳೂ ಕತ್ತೆತ್ತುತ್ತಿದ್ದವು. ಹೋದ ವರ್ಷ ಮುದ್ರಿಸಿಟ್ಟ ಹೆಣ್ಣುದನಿಯೊಂದು ಬಂದು ನನ್ನ ಕುರ್ಚಿ ಹಿಡಿಯಿತು. ನನ್ನನ್ನು ಕೆಳಗಿನ ಕೋಣೆಗೆ, ಮರೆತ ಛತ್ರಿಗಳ ಮಧ್ಯೆ ಕಳಿಸಿದರು. ಇಲ್ಲಿಯ ಮೊದಲ ನಿಯಮ: ನಮ್ಮ ಹತ್ತಿರ ಏನಿದೆ ಎಂದು ನಾವು ಬಾಯಿಬಿಡಬಾರದು. ಕಳೆದುಕೊಂಡವರೇ ವರ್ಣಿಸಬೇಕು. ‘ಕಪ್ಪು ಛತ್ರಿನಾ?’ ಎಂದು ನಾವು ಕೇಳಿಬಿಟ್ಟರೆ ಯಾರು ಬೇಕಾದರೂ ಹೌದು ಅನ್ನುತ್ತಾರೆ, ಛತ್ರಿ ತಪ್ಪು ಕೈ ಸೇರುತ್ತದೆ. ಈ ನಿಯಮವನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಕೌಂಟರಿನ ಹಿಂದೆ ನಾನು ಕಲ್ಲು.

ಇದನ್ನೆಲ್ಲ ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಹೇಳುವ ಚಟ.

ಬೆಳಗ್ಗೆ ನಾದಿನಿಯ ಫೋನು ಬಂತು. ‘ಭಾವ, ಅಕ್ಕನ್ನ ನಮ್ಮನೆಗೆ ಕಳಿಸಿ’ ಅಂದಳು. ಇದೇನು ಹೊಸದಲ್ಲ. ಇವಳಿಗೆ, ಅಂದರೆ ನನ್ನ ಹೆಂಡತಿಗೆ, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಮಾತು ನಿಂತು, ಬಲಗೈ ಸೋತು ನಾಲ್ಕು ತಿಂಗಳಾಯಿತು. ಎಲ್ಲ ಅರ್ಥವಾಗುತ್ತದೆ, ಪದ ಬಾಯಿಗೆ ಬರುವುದಿಲ್ಲ. ‘ಅದೇ’, ‘ಇಲ್ಲ’ ಎರಡೇ ಗಟ್ಟಿ. ಅವತ್ತಿನಿಂದ ನಾದಿನಿ ಕರೆಯುತ್ತಲೇ ಇದ್ದಾಳೆ. ಇವತ್ತು ಮಾತ್ರ ಇನ್ನೊಂದು ಸೇರಿಸಿದಳು. ‘ನಿಮ್ಮ ಜೊತೆ ಇದ್ರೆ ಅವಳಿಗೆ ಮಾತು ಬರಲ್ಲ ಭಾವ. ಬರೋಕೆ ನೀವು ಜಾಗ ಬಿಟ್ರೆ ತಾನೆ?’

ನನಗೆ ಮೈ ಉರಿದುಹೋಯಿತು. ‘ನಿಮ್ಮಕ್ಕ ಇಲ್ಲೇ ಇರ್ತಾಳೆ. ಅವಳಿಗೆ ಇಲ್ಲೇ ಇಷ್ಟ’ ಅಂದೆ.

‘ಅದನ್ನ ಅವಳು ಹೇಳ್ಲಿ. ಇಪ್ಪತ್ತೆಂಟಕ್ಕೆ ಬರ್ತೀನಿ. ಅವಳೇ ಬಾಯಿಬಿಟ್ಟು ಹೇಳಿದ್ರೆ ಸುಮ್ನೆ ವಾಪಸ್ ಹೋಗ್ತೀನಿ. ನೀವು ಹೇಳೋದು ಲೆಕ್ಕಕ್ಕಿಲ್ಲ.’

ಇವಳು ತನ್ನ ಬಟ್ಟೆ ಕತ್ತರಿಸುವ ಮೇಜಿನ ಪಕ್ಕ ಕೂತು ಕಿಟಕಿ ನೋಡುತ್ತಿದ್ದಳು. ‘ನೀ...’ ಅಂದಳು. ‘ನೀರಾ?’ ಅಂದೆ. ತಂದುಕೊಟ್ಟೆ. ಕುಡಿಯಲಿಲ್ಲ. ‘ನಿದ್ದೆನಾ? ನಿಂಬೆಹಣ್ಣಿನ ಶರಬತ್ತಾ?’ ಅಂದೆ. ತಲೆ ಆ ಕಡೆ ತಿರುಗಿಸಿಕೊಂಡಳು. ಪಾಪ, ಆಯಾಸ.

ಮಾರ್ಚ್ ೪, ಬುಧವಾರ

ಪ್ಲಾಟ್‌ಫಾರಂ ಬೋರ್ಡುಗಳಿಗೆ ಪ್ರೋಗ್ರಾಂ ಬರೆಯುವ ಎಂಜಿನಿಯರನ್ನು ನಾವು ಸಿಗ್ನಲ್ ಅಂತಲೇ ಕರೆಯುವುದು. ಮಾತು ಕಡಿಮೆ, ಹೌದು ಅಥವಾ ಇಲ್ಲ. ಇವತ್ತು ಮಧ್ಯಾಹ್ನ ಅವನ ಕೋಣೆಗೆ ಹೋಗಿ ನನ್ನ ಯೋಚನೆ ಹೇಳಿದೆ. ಇವಳ ಫೋನಿನಲ್ಲಿ ಒಂದಷ್ಟು ಗುಂಡಿ ಇರಬೇಕು. ಒತ್ತಿದರೆ ಫೋನೇ ಮಾತಾಡಬೇಕು. ನೀರು ಬೇಕು, ಚಹಾ ಬೇಕು, ಕಾಲು ನೋಯುತ್ತಿದೆ. ಇಪ್ಪತ್ತೆಂಟನೇ ತಾರೀಖಿನೊಳಗೆ ಆಗಬೇಕು.

‘ನಾನು ಮಾಡಿಕೊಡಲ್ಲ’ ಅಂದ. ‘ನೀವೇ ಮಾಡಿ. ಜಾವಾಸ್ಕ್ರಿಪ್ಟಿನಲ್ಲಿ ಒಂದು ಪುಟ್ಟ ಫ್ರೇಮ್‌ವರ್ಕ್ ಇದೆ, ಸಿದ್ಧ ಚೌಕಟ್ಟು. ಐದು ಸಾಲು ಬರೆದ್ರೆ ಶುರುವಾಗುತ್ತೆ.’

‘ನನಗೆ ಐವತ್ತೆಂಟು ವರ್ಷ ಕಣಪ್ಪ.’

‘ನೀವು ಮಾಡ್ತಿದ್ದ ಕೆಲಸಾನೇ. ಯಾರೋ ಬಂದು ಒಂದು ವಿಳಾಸ ಕೇಳ್ತಾರೆ. ಆ ವಿಳಾಸಕ್ಕೆ ಯಾವ ಉತ್ತರ ಅಂತ ನೀವು ಮೊದಲೇ ಬರೆದಿಟ್ಟಿರ್ತೀರಿ. ಅಷ್ಟೇ.’

ಅಷ್ಟೇ ಆದರೆ ನಾನು ಹುಟ್ಟು ಪ್ರೋಗ್ರಾಮರು. ಕಲಿಕೆಯ ಮೊದಲ ಪುಟವನ್ನು ಪ್ರಿಂಟ್ ಹಾಕಿ ಕೊಟ್ಟ. ‘ಹತ್ತು ನಿಮಿಷದಲ್ಲಿ ಆರಂಭಿಸಿ’ ಎಂದು ಅದರ ಮೇಲೆ ಇದೆ.

ಮಾರ್ಚ್ ೭, ಶನಿವಾರ

ಹತ್ತು ನಿಮಿಷ ಇವತ್ತಿಗೆ ಮುಗಿಯಿತು.

ಮೂರು ದಿನ ತಲೆ ಕೆಟ್ಟು ಗೊಬ್ಬರವಾಗಿತ್ತು. ಫ್ರೇಮ್‌ವರ್ಕನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದು ಒಂದು ಫೋಲ್ಡರಿನಲ್ಲಿ, ನನ್ನ ಐದು ಸಾಲು ಬರೆದಿಟ್ಟದ್ದು ಇನ್ನೊಂದರಲ್ಲಿ. ಅದು ಇದನ್ನು ಹುಡುಕುತ್ತ, ಇದು ಅದನ್ನು ಹುಡುಕುತ್ತ, ಕೆಂಪು ಅಕ್ಷರದಲ್ಲಿ ನನಗೆ ಬೈಯುತ್ತ ಕೂತಿದ್ದವು. ಇವಳು ಪಕ್ಕದ ಕುರ್ಚಿಯಿಂದ ನೋಡುತ್ತಿದ್ದಳು. ಮೂವತ್ತು ವರ್ಷ ಬಟ್ಟೆ ಹೊಲಿದವಳು, ಸೂಜಿಗೆ ದಾರ ಪೋಣಿಸಲು ಬಾರದವರನ್ನು ನೋಡುವ ನೋಟ ಅವಳಿಗೆ ಕರಗತ.

ಬೆಳಗ್ಗೆ ಹತ್ತೂಕಾಲಿಗೆ ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿದೆ. ಪರದೆಯ ಮೇಲಿನ ಕಪ್ಪು ಕಿಟಕಿಯಲ್ಲಿ ಬೈಗುಳ ಬರಲಿಲ್ಲ. ನಾನೇ ಬರೆದಿಟ್ಟ ಸಾಲು ಮೂಡಿತು: ‘ಮೂರು ಸಾವಿರನೇ ಬಾಗಿಲಲ್ಲಿ ಕಾಯುತ್ತಿದ್ದೇನೆ.’

ಈ ಯಂತ್ರಕ್ಕೆ ಸಾವಿರಾರು ಬಾಗಿಲುಗಳಂತೆ, ಎಲ್ಲಕ್ಕೂ ನಂಬರು. ನಮ್ಮದು ಮೂರು ಸಾವಿರನೆಯದು. ಅಲ್ಲಿ ನನ್ನ ಐದು ಸಾಲು ಸುಮ್ಮನೆ ನಿಂತಿವೆ. ಯಾರಾದರೂ ಬಂದು ಕೇಳುವ ತನಕ ಅವು ಏನೂ ಮಾಡುವುದಿಲ್ಲ. ಬ್ರೌಸರಿನಲ್ಲಿ ವಿಳಾಸ ಬರೆದೆ. ಬಿಳಿ ಹಾಳೆಯ ಮೇಲೆ ‘ನಮಸ್ಕಾರ’ ಎಂದು ಬಂತು.

ಮನೆಯೊಳಗೆ ಬಿಸಿಲು ತುಂಬಿತ್ತು. ಕತ್ತರಿಸುವ ಮೇಜಿನ ಮೇಲೆ, ಮುಸುಕು ಹಾಕಿದ ಹೊಲಿಗೆ ಯಂತ್ರದ ಮೇಲೆ, ಇವಳ ಮಡಿಲಿನ ಮೇಲೆ. ‘ನೋಡೇ, ನಮಸ್ಕಾರ ಅಂತಿದೆ’ ಅಂದೆ. ಇವಳು ಪರದೆಯ ಕಡೆ ತಿರುಗಿ, ಎಡಗೈಯನ್ನು ಸ್ವಲ್ಪ ಎತ್ತಿದಳು, ಎದುರಿನ ಮನೆಯವರಿಗೆ ಕೈ ಎತ್ತುವ ಹಾಗೆ.

ಮಾರ್ಚ್ ೯, ಸೋಮವಾರ

ಬೆಳಗಿನ ಜಾವದ ಕನಸು. ಉದ್ದವಾದ ಒಂದು ಮೊಗಸಾಲೆ. ಎರಡೂ ಕಡೆ ಬಾಗಿಲುಗಳು, ಬಾಗಿಲಿಗೊಂದು ನಂಬರು. ರೈಲುಗಳು ಕಾಲಿಟ್ಟು ನಡೆದು ಬರುತ್ತಿವೆ, ಒಂದೊಂದೂ ಒಂದೊಂದು ಬಾಗಿಲು ತಟ್ಟಿ ಏನೋ ಕೇಳಿ, ಉತ್ತರ ತೆಗೆದುಕೊಂಡು, ಬಗ್ಗಿ ನಮಸ್ಕರಿಸಿ ಹೋಗುತ್ತಿವೆ. ನಾನು ಮೂರು ಸಾವಿರನೇ ಬಾಗಿಲ ಮುಂದೆ ಮೈಕು ಹಿಡಿದು ನಿಂತು ಕೂಗುತ್ತಿದ್ದೇನೆ. ನನ್ನ ಬಾಗಿಲಿಗೆ ಮಾತ್ರ ಯಾರೂ ಬರುತ್ತಿಲ್ಲ.

ಎದ್ದ ಮೇಲೆ ನಗು ಬಂತು. ರೈಲಿಗೆ ಕಾಲು!

ಮಾರ್ಚ್ ೧೧, ಬುಧವಾರ

ಇವಳ ಫೋನಿನಲ್ಲಿ ಹನ್ನೆರಡು ಗುಂಡಿ ಸಿದ್ಧ, ಒತ್ತಿದರೆ ಅದು ಲ್ಯಾಪ್‌ಟಾಪಿನ ಬಾಗಿಲು ತಟ್ಟುತ್ತದೆ. ಒಂದೊಂದಕ್ಕೂ ಒಂದೊಂದು ವಿಳಾಸ, ಒಂದೊಂದು ಉತ್ತರ. ಉತ್ತರವೆಲ್ಲ ನನ್ನದೇ ದನಿಯಲ್ಲಿ. ಛತ್ರಿಗಳ ಕೋಣೆಯ ಬಾಗಿಲು ಹಾಕಿಕೊಂಡು ಮುದ್ರಿಸಿದೆ, ಅಲ್ಲಿ ಪ್ರತಿಧ್ವನಿ ಇಲ್ಲ. ‘ದಯವಿಟ್ಟು ಗಮನಿಸಿ, ನನಗೆ ಚಹಾ ಬೇಕಾಗಿದೆ.’ ಎಷ್ಟು ದಿನವಾಗಿತ್ತು ಆ ದನಿಯನ್ನು ಹೊರಗೆ ತೆಗೆದು. ಮುದ್ರಿಸಿದ ಹೆಣ್ಣುದನಿಗೆ ಈ ಕಂಚು ಎಲ್ಲಿಂದ ಬರಬೇಕು?

ಹನ್ನೆರಡನೆಯ ಗುಂಡಿ ಎಲ್ಲಕ್ಕಿಂತ ದೊಡ್ಡದು, ಹಸಿರು. ಒತ್ತಿದರೆ, ‘ನಾನು ಇಲ್ಲೇ ಇರುತ್ತೇನೆ.’ ನಾದಿನಿ ಬಂದ ದಿನ ಇದೊಂದನ್ನು ಒತ್ತಿಬಿಟ್ಟರೆ ಸಾಕು. ಇವಳದೇ ಬೆರಳು, ಇವಳದೇ ಫೋನು. ಇನ್ನೇನು ಬೇಕಂತೆ ಅವಳಿಗೆ?

ಯಾವ ಗುಂಡಿಗೂ ಸೇರದ ಏನಾದರೂ ಬಂದರೆ ಇರಲಿ ಎಂದು ಒಂದು ಸಾಮಾನ್ಯ ಉತ್ತರವನ್ನೂ ಬರೆದೆ. ‘ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ.’ ಯಾವ ವಿಳಾಸಕ್ಕಾದರೂ ಹೊಂದುವಂಥದ್ದು. ಇದು ಬಹಳ ಮುಖ್ಯ ಅನ್ನಿಸಿದ್ದರಿಂದ ಎಲ್ಲಕ್ಕಿಂತ ಮೇಲೆ ಬರೆದೆ.

ಮಾರ್ಚ್ ೧೨, ಗುರುವಾರ

ಇವಳು ನೀರಿನ ಗುಂಡಿ ಒತ್ತಿದಳು. ಫೋನು ನನ್ನ ದನಿಯಲ್ಲಿ ಅಂದಿತು: ‘ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಹೇಳಿ.’

ಮತ್ತೆ ಒತ್ತಿದಳು. ‘ಅರ್ಥವಾಗಲಿಲ್ಲ.’ ಚಹಾ ಒತ್ತಿದಳು, ಕಾಲುನೋವು ಒತ್ತಿದಳು. ‘ಅರ್ಥವಾಗಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ.’ ನಾನು ಲ್ಯಾಪ್‌ಟಾಪಿನ ಮುಂದೆ ಪರದಾಡುತ್ತ ‘ತಡಿ, ತಡಿ’ ಅನ್ನುತ್ತಿದ್ದೆ. ಏಳು ಸಲ ಒತ್ತಿದಳು, ನಾನು ಎಣಿಸಿದ್ದೇನೆ. ಆಮೇಲೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅವಳ ಕಣ್ಣಲ್ಲಿ ನೀರಿತ್ತು. ಆ ದನಿಯನ್ನು ಎತ್ತಿ ಹಳಿಯ ಮೇಲೆ ಇಡಬೇಕು ಅನ್ನಿಸಿತು.

ಮಾರ್ಚ್ ೧೩, ಶುಕ್ರವಾರ

ಸಿಗ್ನಲ್ ನನ್ನ ಪ್ರೋಗ್ರಾಮನ್ನು ನೋಡಿ, ಎಂದೂ ನಗದವನು, ನಕ್ಕ.

‘ಇದು ಮೇಲಿಂದ ಕೆಳಗೆ ಓದಿಕೊಂಡು ಹೋಗುತ್ತೆ ಸಾರ್. ಮೊದಲು ಯಾವುದು ಹೊಂದುತ್ತೋ ಅದೇ ಉತ್ತರ. ಎಲ್ಲದಕ್ಕೂ ಉತ್ತರ ಕೊಡೋನನ್ನ ತಂದು ಬಾಗಿಲಲ್ಲೇ ನಿಲ್ಲಿಸಿದ್ದೀರಿ. ಹಿಂದೆ ಇರೋರಿಗೆ ಬಾಯಿ ಬಿಡೋಕೆ ಅವನು ಬಿಟ್ರೆ ತಾನೆ? ಅವನನ್ನ ಎಲ್ಲರಿಗಿಂತ ಕೊನೇಲಿ ನಿಲ್ಲಿಸಿ.’

ಇಂಥದೇ ಮಾತನ್ನು ಎಲ್ಲೋ ಕೇಳಿದ ಹಾಗಿತ್ತು, ಎಲ್ಲಿ ಅಂತ ನೆನಪಾಗಲಿಲ್ಲ. ಮೂರು ಸಾಲು ಕತ್ತರಿಸಿ ಕೆಳಗೆ ಅಂಟಿಸಿದೆ. ಎಲ್ಲ ಸರಿಯಾಯಿತು. ನಿಮಿಷದ ಕೆಲಸ.

ಇವಳು ಮಾತ್ರ ಫೋನು ಮುಟ್ಟಲಿಲ್ಲ.

ಮಾರ್ಚ್ ೧೬, ಸೋಮವಾರ

ಮಾತಿನ ಡಾಕ್ಟರಮ್ಮ ಮನೆಗೆ ಬಂದಿದ್ದರು. ನನ್ನ ಹನ್ನೆರಡು ಗುಂಡಿಯನ್ನು ಹೆಮ್ಮೆಯಿಂದ ತೋರಿಸಿದೆ. ಒಂದೊಂದಾಗಿ ಒತ್ತಿ ಕೇಳಿದರು.

‘ದನಿ ಯಾರದು?’

‘ನನ್ನದೇ.’

‘ಚೆನ್ನಾಗಿದೆ. ತೆಗೆದುಬಿಡಿ.’

ಆಕೆ ಇವಳ ಕಡೆ ತಿರುಗಿ ಕೂತು, ಕಿಟಕಿಯ ಕಡೆ ಕೈ ತೋರಿಸಿ, ‘ಏನದು?’ ಎಂದು ಕೇಳಿ ಸುಮ್ಮನಾದರು. ಎಷ್ಟು ಹೊತ್ತು ಸುಮ್ಮನಿದ್ದರೆಂದರೆ ನನಗೆ ಗಡಿಯಾರದ ಸದ್ದು ಕೇಳಿಸತೊಡಗಿತು. ‘ಕಿಟಕಿ’ ಎಂಬ ಪದ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಆಕೆ ತಿರುಗಿ ನೋಡದೆಯೇ ನನ್ನ ಕಡೆ ಒಂದು ಬೆರಳು ಎತ್ತಿದರು. ನಾನು ನುಂಗಿಕೊಂಡೆ.

‘ಕಿ... ಬೆಳಕು’ ಅಂದಳು ಇವಳು.

ನಾಲ್ಕು ತಿಂಗಳಲ್ಲಿ ಮೊದಲ ಹೊಸ ಪದ. ಕಿಟಕಿ ಅಲ್ಲ, ಬೆಳಕು. ಕಿಟಕಿಯಲ್ಲಿ ಇದ್ದದ್ದು ಬೆಳಕೇ.

ಹೋಗುವಾಗ ಬಾಗಿಲಲ್ಲಿ ಡಾಕ್ಟರಮ್ಮ ಅಂದರು, ‘ಪದ ಒಳಗಿಂದ ಬರೋಕೆ ಹೊತ್ತು ಬೇಕು. ಸಹಾಯ ಮಾಡೋ ಮುಂಚೆ ಮನಸ್ಸಲ್ಲೇ ಇಪ್ಪತ್ತು ಎಣಿಸಿ.’

ಮಾರ್ಚ್ ೧೭, ಮಂಗಳವಾರ

ದನಿ ತೆಗೆದೆ. ಹನ್ನೆರಡು ತುಂಡುಗಳನ್ನು ಒಂದೊಂದಾಗಿ ಅಳಿಸಿದೆ. ಅಳಿಸುವ ಮುಂಚೆ ಒಂದೊಂದನ್ನೂ ಕೊನೆಯ ಸಲ ಕೇಳಿದೆ ಎಂಬುದನ್ನು ಯಾರಿಗೂ ಹೇಳುವುದಿಲ್ಲ.

ಈಗ ಗುಂಡಿ ಒತ್ತಿದರೆ ಒಂದು ಖಾಲಿ ಪುಟ ತೆರೆಯುತ್ತದೆ. ಇಪ್ಪತ್ತು ಸೆಕೆಂಡು ಅದು ಖಾಲಿಯೇ. ಆಮೇಲೆ ಪದ ಮೂಡುತ್ತದೆ, ದೊಡ್ಡ ಅಕ್ಷರದಲ್ಲಿ. ಅಷ್ಟರೊಳಗೆ ತಾನೇ ಹೇಳಿದರೆ ಹೇಳಲಿ.

ಮೊದಲು ಬರೆದದ್ದು ಕೈಕೊಟ್ಟಿತ್ತು. ಒಂದು, ಎರಡು, ಮೂರು ಎಂದು ಪ್ರೋಗ್ರಾಂ ತಾನೇ ಎಣಿಸುತ್ತ ಕೂರುವಂತೆ ಬರೆದಿದ್ದೆ. ಎಣಿಸುವ ಭರದಲ್ಲಿ ಅದಕ್ಕೆ ಬೇರೇನೂ ಕೇಳಿಸುತ್ತಿರಲಿಲ್ಲ, ಎಷ್ಟು ತಟ್ಟಿದರೂ ಬಾಗಿಲು ತೆಗೆಯದು. ಸಿಗ್ನಲ್ ಫೋನಿನಲ್ಲೇ ಸರಿಮಾಡಿಸಿದ. ‘ಎಣಿಸೋ ಕೆಲಸ ಗಡಿಯಾರಕ್ಕೆ ವಹಿಸಿಬಿಡಿ. ಹೊತ್ತಾದಾಗ ಅದು ಕರೆಯುತ್ತೆ. ಅಲ್ಲೀವರೆಗೆ ಇದು ಕಿವಿ ತೆರೆದುಕೊಂಡಿರಲಿ.’

ನಾನೂ ಇಡೀ ದಿನ ಎಣಿಸಿದೆ. ಬೆರಳು ಮಡಚಿ ಮಡಚಿ. ಹದಿನಾಲ್ಕಕ್ಕೆ ಇವಳು ನನ್ನ ಕೈಗೆ ಪಟ್ಟೆಂದು ಹೊಡೆದಳು.

ಮಾರ್ಚ್ ೧೯, ಗುರುವಾರ

ಆ ‘ನೀ...’ ಏನೆಂದು ಗೊತ್ತಾಯಿತು. ನೀರಲ್ಲ. ‘ನೀಲಿ’ ಅಂದಳು, ಸ್ಪಷ್ಟವಾಗಿ, ಊಟ ಮಾಡುತ್ತಿದ್ದಾಗ.

ಎದ್ದವನೇ ಮನೆಯ ನೀಲಿಯನ್ನೆಲ್ಲ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ನೀಲಿ ದಾರ, ನೀಲಿ ಬಕೆಟ್ಟು, ನೀಲಿ ಮಾತ್ರೆ, ನೀಲಿ ಟವೆಲ್ಲು, ನನ್ನ ಹಳೆಯ ಸಮವಸ್ತ್ರದ ಕೋಟು. ಹನ್ನೊಂದು ವಸ್ತು. ಒಂದೊಂದನ್ನೂ ಎತ್ತಿ ‘ಇದಾ? ಇದಾ?’ ಅಂದೆ.

‘ಇಲ್ಲ. ಇಲ್ಲ. ಇಲ್ಲ.’

ಕೊನೆಗೆ ಬಕೆಟ್ಟನ್ನು ನೋಡಿ ಇಬ್ಬರಿಗೂ ನಗು ಬಂತು. ನಗು ಮಾತ್ರ ಅವಳದು ಹಾಗೇ ಇದೆ, ಒಂದಿಷ್ಟೂ ಕಳೆದಿಲ್ಲ.

ಮಾರ್ಚ್ ೨೧, ಶನಿವಾರ

ಗೀಟು.

ಮಧ್ಯಾಹ್ನ ‘ನೀಲಿ’ ಅಂದಳು. ನಾನು ಏನೂ ತರಲು ಏಳಲಿಲ್ಲ. ಕಾಲು ನೋಯುತ್ತಿತ್ತು, ಹಾಗಾಗಿ. ಎದುರಿಗೆ ಕೂತೆ. ಬಿಸಿಲು ಮೇಜಿನ ಈ ತುದಿಯಿಂದ ಆ ತುದಿಗೆ ಹೋಗುವಷ್ಟು ಹೊತ್ತಾಯಿತು ಅನ್ನಿಸಿತು, ಅಷ್ಟೇನೂ ಆಗಿರಲಿಕ್ಕಿಲ್ಲ. ಎಷ್ಟೆಂದು ಎಣಿಸಲಿಲ್ಲ. ಬೀದಿಯಲ್ಲಿ ಯಾರೋ ಏಣಿ ಎಳೆದುಕೊಂಡು ಹೋದರು. ಅವಳ ತುಟಿ ಪದದ ಸುತ್ತ ತಡಕಾಡುತ್ತಿತ್ತು, ಕಿಸೆಯಲ್ಲಿ ಬೀಗದ ಕೈ ಹುಡುಕುವವರ ಹಾಗೆ. ನೋಡುತ್ತ ಕೂತೆ.

‘ನೀಲಿ... ಗೀಟು.’

ಸೀಮೆಸುಣ್ಣ! ಬಟ್ಟೆಯ ಮೇಲೆ ಗುರುತು ಹಾಕುವ ಚಪ್ಪಟೆ ನೀಲಿ ಸುಣ್ಣ. ಕತ್ತರಿ, ಟೇಪು, ಸುಣ್ಣ ಎಲ್ಲವನ್ನೂ ನಾನೇ ಒಂದು ಡಬ್ಬಿಗೆ ಹಾಕಿ ಅಟ್ಟದ ಮೇಲೆ ಇಟ್ಟಿದ್ದೆ. ಕಣ್ಣಿಗೆ ಬಿದ್ದರೆ ಬೇಜಾರಾಗುತ್ತದೆ ಎಂದು, ಅವಳನ್ನು ಒಂದು ಮಾತೂ ಕೇಳದೆ.

ಇಳಿಸಿಕೊಟ್ಟೆ. ಹಳೆಯ ಬೆಡ್‌ಶೀಟನ್ನು ಮೇಜಿನ ಮೇಲೆ ಹಾಸಿ, ಎಡಗೈಯಲ್ಲಿ ಒಂದು ಗೀಟು ಎಳೆದಳು. ಸೊಟ್ಟಗೆ ಬಂತು. ಇನ್ನೊಂದು ಎಳೆದಳು. ಸಂಜೆಯ ತನಕ ಎಳೆದಳು. ನಾಲ್ಕು ತಿಂಗಳು ಇದನ್ನೇ ಕೇಳುತ್ತಿದ್ದಳು. ನಾನು ನೀರು ಕೊಡುತ್ತಿದ್ದೆ.

ಮಾರ್ಚ್ ೨೩, ಸೋಮವಾರ

ಇವಳು ಒಂದು ಗುಂಡಿಯನ್ನು ಹೇಳಿ ಮಾಡಿಸಿಕೊಂಡಳು. ಹದಿಮೂರನೆಯದು. ಬೆಡ್‌ಶೀಟಿನ ಮೇಲೆ ಚೌಕ ಬರೆದು, ಒಳಗೆಲ್ಲ ಸುಣ್ಣ ಉಜ್ಜಿ ನೀಲಿ ಮಾಡಿ, ಫೋನಿನ ಕಡೆ ತೋರಿಸಿದಳು.

‘ಏನು ಪದ ಬರಬೇಕು?’ ಎಂದು ಕೇಳಿದೆ.

ತುಂಬಾ ಹೊತ್ತಾದ ಮೇಲೆ, ‘ಏನೂ... ಬೇಡ.’

ಬರೆದೆ. ನೀಲಿ ಒತ್ತಿದರೆ ಇಡೀ ಪುಟ ನೀಲಿಯಾಗುತ್ತದೆ, ಇಪ್ಪತ್ತು ಸೆಕೆಂಡು. ಪದವಿಲ್ಲ, ಕೊನೆಗೂ ಇಲ್ಲ. ಇದರಿಂದ ಏನು ಪ್ರಯೋಜನ ಎಂದು ವಿವರಿಸಲು ಹೊರಟೆ. ಅವಳು ನೀಲಿ ಒತ್ತಿ ಫೋನನ್ನು ನನ್ನ ಮುಖಕ್ಕೆ ಹಿಡಿದಳು. ನಾನು ಮಾತು ಮುಂದುವರಿಸಿದೆ. ಫೋನನ್ನು ಇನ್ನೂ ಹತ್ತಿರ ತಂದಳು.

ಆಗ ಅರ್ಥವಾಯಿತು. ಅದು ನನ್ನ ಬಾಯಿಗೆ ಬೀಗ. ‘ನನಗಿನ್ನೂ ಹೇಳೋದಿದೆ, ನೀನು ಸುಮ್ನಿರು’ ಎಂಬ ಗುಂಡಿ.

ಇವತ್ತು ಒಂಬತ್ತು ಸಲ ಒತ್ತಿದಳು. ಕಪ್ಪು ಕಿಟಕಿಯಲ್ಲಿ ಎಲ್ಲ ದಾಖಲಾಗಿದೆ, ಯಾರು ಯಾವ ಪುಟ ಕೇಳಿದರೂ ಅಲ್ಲೊಂದು ಸಾಲು ಮೂಡುತ್ತದೆ. ನೀಲಿ, ನೀಲಿ, ನೀಲಿ.

ಮಾರ್ಚ್ ೨೫, ಬುಧವಾರ

ಕೌಂಟರಿಗೆ ಒಬ್ಬ ಮುದುಕಿ ಬಂದಿದ್ದಳು. ಒಂದು ಕೈಗವಸು ಕಳೆದಿದೆ ಅಂದಳು. ಬಣ್ಣ ನೆನಪಿಲ್ಲ. ಯಾವ ರೈಲು ಅಂತಲೂ ನೆನಪಿಲ್ಲ. ಹಾಗೇ ನಿಂತಿದ್ದಳು. ನಾನೂ ನಿಂತಿದ್ದೆ. ಆಮೇಲೆ, ‘ಹೆಬ್ಬೆರಳಲ್ಲಿ ಒಂದು ತೂತಿದೆ, ಅದನ್ನ ನಾನೇ ಹಸಿರು ದಾರದಲ್ಲಿ ಮುಚ್ಚಿದ್ದೆ’ ಅಂದಳು. ಕೊಟ್ಟೆ.

ಮನೆಯಲ್ಲಿ ಇವಳು ನನ್ನ ಭುಜದ ಅಳತೆ ತೆಗೆದಳು. ಟೇಪಿನ ಒಂದು ತುದಿ ಅವಳ ಎಡಗೈಯಲ್ಲಿ, ಇನ್ನೊಂದನ್ನು ನಾನೇ ಹಿಡಿದುಕೊಂಡೆ. ಬೇರೇನೂ ನಡೆಯಲಿಲ್ಲ. ಒಳ್ಳೆಯ ದಿನ.

ಮಾರ್ಚ್ ೨೬, ಗುರುವಾರ

ಹಸಿರು ಗುಂಡಿ ತೆಗೆದೆ.

ಮೊದಲು ಅದರ ಪಕ್ಕ ‘ನಾನು ಹೋಗುತ್ತೇನೆ’ ಎಂದು ಇನ್ನೊಂದನ್ನು ಇಡೋಣ ಅಂದುಕೊಂಡೆ, ನ್ಯಾಯವಾಗಿರಲಿ ಎಂದು. ಬರೆದೂ ಬರೆದೆ. ನೋಡಿದರೆ ಎರಡೂ ನನ್ನವೇ ಮಾತು. ಎರಡನ್ನೂ ಅಳಿಸಿದೆ.

ಹೋಗಿಬಿಟ್ಟರೆ ಏನು ಮಾಡಲಿ? ಭಯವಾಗುತ್ತಿದೆ. ಈ ಮನೆಯಲ್ಲಿ ಒಬ್ಬನೇ ಎಂದೂ ಇದ್ದಿಲ್ಲ.

ಮಾರ್ಚ್ ೨೭, ಶುಕ್ರವಾರ

ಸಿಗ್ನಲ್ ಮನೆಗೆ ಬಂದು, ಹೊರಗಿನಿಂದಲೂ ನಮ್ಮ ಬಾಗಿಲಿಗೆ ತಲುಪುವ ಹಾಗೆ ಮಾಡಿಕೊಟ್ಟ. ‘ಎಲ್ಲಿಂದ ಒತ್ತಿದ್ರೂ ಇಲ್ಲಿಗೇ ಬರುತ್ತೆ, ಲ್ಯಾಪ್‌ಟಾಪ್ ಆರಿಸಬೇಡಿ ಅಷ್ಟೇ’ ಅಂದ. ಯಾಕೆ ಮಾಡಿಸಿದೆ ಎಂದು ಇವಳು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮಾರ್ಚ್ ೨೮, ಶನಿವಾರ

ನಾದಿನಿ ಹನ್ನೊಂದರ ರೈಲಿಗೆ ಬಂದಳು. ಖಾಲಿ ಸೂಟ್‌ಕೇಸ್ ತಂದಿದ್ದಳು.

ಮೂವರೂ ಕತ್ತರಿಸುವ ಮೇಜಿನ ಸುತ್ತ ಕೂತೆವು. ಚಹಾ ಕುಡಿದಾಯಿತು. ನಾದಿನಿ ಅಕ್ಕನ ಕೈ ಹಿಡಿದುಕೊಂಡು, ನನ್ನ ಕಡೆ ಒಂದು ಎಚ್ಚರಿಕೆಯ ನೋಟ ಎಸೆದು, ಕೇಳಿದಳು. ‘ಅಕ್ಕಾ, ನೀನೇ ಹೇಳು. ನನ್ನ ಜೊತೆ ಬರ್ತೀಯಾ? ಇಲ್ಲೇ ಇರ್ತೀಯಾ?’

ಫೋನು ಇವಳ ಮುಂದೆಯೇ ಇತ್ತು. ಮುಟ್ಟಲಿಲ್ಲ. ಕಿಟಕಿ ನೋಡಿದಳು, ಹೊಲಿಗೆ ಯಂತ್ರ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ತುಟಿ ಅಲುಗಿತು.

‘ಹೋಗಿ’ ಅಂದಳು.

ನಾನು ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟೆ.

‘ನೋಡಿದ್ರಾ ಭಾವ?’ ನಾದಿನಿ ಆಗಲೇ ಎದ್ದಿದ್ದಳು. ‘ಹೋಗ್ತೀನಿ ಅಂತಿದಾಳೆ. ನನಗೆ ಗೊತ್ತಿತ್ತು. ಅಕ್ಕಾ, ನಿನ್ನ ಬಟ್ಟೆ ಯಾವ ಬೀರುನಲ್ಲಿದೆ?’

ಇವಳು ಎಡಗೈ ಚಾಚಿ ನೀಲಿ ಒತ್ತಿದಳು.

‘ಕೂತ್ಕೊಳ್ಳಮ್ಮ’ ಅಂದೆ ನಾನು. ‘ಅವಳದ್ದಿನ್ನೂ ಮುಗಿದಿಲ್ಲ.’

‘ಇನ್ನೇನು...’

‘ಕೂತ್ಕೋ.’

ಕೂತಳು. ಮೇಜಿನ ಮಧ್ಯದಲ್ಲಿ ಆ ಪುಟ್ಟ ನೀಲಿ ಚೌಕ ಬೆಳಗುತ್ತಿತ್ತು. ಹೋಗಬೇಡ ಎನ್ನುವುದಕ್ಕೆ ನನ್ನ ಹತ್ತಿರ ಸಾವಿರ ಮಾತಿದ್ದವು, ಒಂದೊಂದೂ ಬಾಯಿಯವರೆಗೆ ಬಂದು ನಿಂತಿತ್ತು. ಬೇಡಿಕೊಳ್ಳಲೂ ಸಿದ್ಧನಿದ್ದೆ. ಹಲ್ಲು ಕಚ್ಚಿ ಅವಳ ಮುಖವನ್ನೇ ನೋಡಿದೆ. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗೆರೆ ಇದೆ, ಸೂಜಿಗೆ ದಾರ ಪೋಣಿಸುವಾಗ ಮೂಡುವಂಥದ್ದು. ಅದು ಮೂಡಿತ್ತು. ನೀಲಿ ಆರಿತು. ಅವಳು ಮತ್ತೆ ಒತ್ತಿದಳು. ಮತ್ತೆ ಕಾದೆವು.

‘ಬರ್ತೀನಿ.’



ಹೋಗಿ ಬರ್ತೀನಿ. ಮೂವತ್ತು ವರ್ಷ ದಾರ ತರಲು, ಗುಂಡಿ ತರಲು ಹೊಸ್ತಿಲು ದಾಟುವಾಗೆಲ್ಲ ಅವಳು ಅಂದು ಹೋಗುತ್ತಿದ್ದ ಮಾತು. ಒಂದು ದಿನವೂ ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ನಾದಿನಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನು. ಇವಳು ನಮ್ಮಿಬ್ಬರನ್ನೂ ಬಿಟ್ಟು ಸುಣ್ಣ ಎತ್ತಿಕೊಂಡು ಮೇಜಿನ ಹಲಗೆಯ ಮೇಲೆ ಗೀಟು ಹಾಕತೊಡಗಿದಳು. ಹದಿನಾಲ್ಕು. ಹದಿನಾಲ್ಕು ದಿನ. ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟು, ದಿನಕ್ಕೆ ಒಂದು ಎಂದು ಬೆರಳು ತೋರಿಸಿದಳು.

ಮೂರೂವರೆಯ ರೈಲು. ಪ್ಲಾಟ್‌ಫಾರಮಿನಲ್ಲಿ ಆ ಮುದ್ರಿತ ಹೆಣ್ಣುದನಿ ಹೇಳುತ್ತಿದ್ದುದನ್ನು ಮೊದಲ ಸಲ ಕೊನೆಯವರೆಗೆ ಕೇಳಿದೆ. ಒಪ್ಪಿಕೊಳ್ಳಬೇಕು, ಚೆನ್ನಾಗಿಯೇ ಹೇಳುತ್ತಾಳೆ.

ಮಾರ್ಚ್ ೩೦, ಸೋಮವಾರ

ಎರಡು ಗೀಟು ಒರೆಸಿದ್ದೇನೆ. ಹನ್ನೆರಡು ಉಳಿದಿವೆ.

ಕೆಲಸದಿಂದ ಬಂದು, ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆ. ನಾದಿನಿ ಬೆಳಗ್ಗೆ ಫೋನಿನಲ್ಲಿ ನಕ್ಕು ಹೇಳಿದ್ದಳು, ‘ಭಾವ, ನಿಮಗೆ ಮೂಗು ತೂರಿಸೋ ಚಟ ಅಂತಿದ್ದೆ. ನಂದೂ ಅದೇ ಕಥೆ. ನಿನ್ನೆಯಿಂದ ಅಕ್ಕ ನನ್ನ ಬಾಯಿ ಎಷ್ಟು ಸಲ ಮುಚ್ಚಿಸಿದಾಳೆ ಗೊತ್ತಾ?’ ಗೊತ್ತು. ಆರು ಸಲ. ಕಪ್ಪು ಕಿಟಕಿಯಲ್ಲಿ ಇದೆ.

ಮನೆಯಲ್ಲಿ ಸದ್ದಿಲ್ಲ. ಬಿಸಿಲು ಮೇಜಿನ ಮೇಲೆ ಬಂದಿತ್ತು, ಗೀಟುಗಳ ಮೇಲೆ. ಈ ನೋಟ್‌ಬುಕ್ಕು ತೆರೆದು, ಅವಳು ಅಲ್ಲಿ ಈಗ ಏನು ಮಾಡುತ್ತಿರಬಹುದು ಎಂದು ಬರೆಯಲು ಹೊರಟೆ. ನನ್ನ ಊಹೆಗಳು ತಯಾರಾಗಿಯೇ ಇರುತ್ತವೆ. ಚಹಾ ಕುಡಿಯುತ್ತಿರಬಹುದು, ಕಿಟಕಿಯ ಹತ್ತಿರ ಕೂತಿರಬಹುದು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕಪ್ಪು ಕಿಟಕಿಯಲ್ಲಿ ಒಂದು ಸಾಲು ಮೂಡಿತು. ಅಷ್ಟು ದೂರದಿಂದ ಬಂದು, ಮೂರು ಸಾವಿರನೇ ಬಾಗಿಲು ತಟ್ಟಿ, ನೀಲಿ ಕೇಳಿತು.

ಪೆನ್ನು ಕೆಳಗಿಟ್ಟೆ. ಅಲ್ಲಿ ನಾದಿನಿ ಸುಮ್ಮನಾಗಿರಬೇಕು. ಇಲ್ಲಿ ನಾನೂ ಸುಮ್ಮನಾದೆ. ಮಾತಾಡಿಸಲು ಯಾರೂ ಇರಲಿಲ್ಲ, ಆದರೂ ಉಸಿರು ಸಣ್ಣಗೆ ಬಿಡುತ್ತ ಕೂತೆ. ಏನು ಹೇಳಿದಳೋ ನನಗೆ ಕೇಳಿಸುವುದಿಲ್ಲ. ಇಪ್ಪತ್ತು ಸೆಕೆಂಡು ಮುಗಿದಿರಬೇಕು. ಆಮೇಲೂ ಸ್ವಲ್ಪ ಹೊತ್ತು ಕೂತಿದ್ದೆ, ಅವಳದ್ದು ಇನ್ನೂ ಮುಗಿದಿರಲಿಕ್ಕಿಲ್ಲ ಎಂದು.